ಒಂದನೇ ತಾರೀಖಿನ ರೊಕ್ಕ ಒಬ್ಬರಿಗೆ, ಇಪ್ಪತ್ತೈದರ ಉದ್ರಿ ಇನ್ನೊಬ್ಬರಿಗೆ

ಅಕ್ಕಂದಿರ, ತಂಗೇರ, ವೈನಿಯವರ, ಈ ಸಲ ಬಳ್ಳೊಳ್ಳಿ ಚಟ್ನಿನೂ ಇಲ್ಲ, ಹೋಳಿಗಿ ಹೂರಣಾನೂ ಇಲ್ಲ. ಈ ಸಲ ಜಗಳಕ್ಕ ಬಂದೀನಿ. ಪೂರಾ ಓದ್ರಿ, ಆಮ್ಯಾಲೆ ಬೈರಿ.

ಭಿಶಿಗೆ ಹೋಗ್ರಿ, ಅರಿಷಿಣ ಕುಂಕುಮಕ್ಕ ಹೋಗ್ರಿ, ಮಾತು ತಿರುಗಿ ತಿರುಗಿ ಅಲ್ಲಿಗೇ ಬರ್ತದ. “ಓಣ್ಯಾನ ಕಿರಾಣಿ ಅಂಗಡ್ಯಾಂವ ಲೂಟಿ ಮಾಡ್ತಾನವಾ. ಆ ದೊಡ್ಡ ಅಂಗಡಿಗೆ ಹೋದ್ರ ತಿಂಗಳಾ ಎಷ್ಟ ಉಳೀತದ ಗೊತ್ತೇನು?” ಹಿಂಗ ಅಂದವರ ಮನಿಯಿಂದನ ಇಪ್ಪತ್ತೈದನೇ ತಾರೀಖಿಗೆ ಒಂದು ಸಣ್ಣ ಹುಡುಗ ಮೂಲಿ ಅಂಗಡಿಗೆ ಓಡಿ ಬರ್ತದ. “ಕಾಕಾ, ಅರ್ಧಾ ಕಿಲೋ ಸಕ್ರಿ, ಒಂದು ಪಾಕೀಟ ಎಣ್ಣಿ. ಅವ್ವ ಬರ್ಕೋರಿ ಅಂದಾಳ.” ಕಾಕಾ ಬರ್ಕೋತಾರ, ಕೊಡ್ತಾರ, ಒಂದು ಮಾತು ಆಡಂಗಿಲ್ಲ.

ನನ್ನ ತಕರಾರು ಇಷ್ಟ ಅದ. ಪಗಾರ ಆದ ದಿನದ ನಗದು ದೊಡ್ಡ ಅಂಗಡಿಗೆ, ತಿಂಗಳ ಕೊನಿ ಉದ್ರಿ ಸಣ್ಣ ಅಂಗಡಿಗೆ. ಇದು ನ್ಯಾಯ ಅಲ್ಲ. ಅಷ್ಟ ಅಲ್ಲ, ಇದರಾಗ ನಮಗೂ ನಾವು ತಿಳಕೊಂಡಷ್ಟು ಲಾಭ ಇಲ್ಲ. ಎರಡನ್ನೂ ಲೆಕ್ಕಾ ಹಾಕಿ ತೋರಿಸ್ತೀನಿ.

ದೊಡ್ಡ ಅಂಗಡಿ ಅಂದ್ರ ಬರೇ ಗಾತ್ರದ ಮಾತಲ್ಲ. ಮಾಲಕ ಒಬ್ಬ, ಬೋರ್ಡು ಒಂದ, ಕಪಾಟಿನ ನಮೂನಿ ಒಂದ, ಖರೀದಿನೂ ಒಂದ ಕಡೆ ಕೂತು ಮಾಡ್ತಾರ. ಅಂಗಡಿ ಮಾತ್ರ ನೂರಾರು ಊರಾಗ. ಇದಕ್ಕ ಚೈನ್ ಸ್ಟೋರ್ ಅಂತಾರ, ಸರಪಳಿ ಅಂಗಡಿ. ನಮ್ಮ ಕಡೆ ಇದು ಮೊನ್ನೆ ಮೊನ್ನೆ ಬಂದದ್ದು. ಅಮೆರಿಕಾದಾಗ ಇದರ ವಯಸ್ಸು ನೂರಾ ಅರವತ್ತು ದಾಟೇದ. ಅಲ್ಲೆ ಇದು ಯಾತಕ್ಕ ಹುಟ್ಟಿತು ಅನ್ನೋದು ತಿಳದ್ರ ಇಲ್ಲೆ ನಮ್ಮ ಕೈಚೀಲಕ್ಕ ಏನಾಗೇದ ಅನ್ನೋದೂ ತಿಳೀತದ.

1859ರಾಗ ನ್ಯೂಯಾರ್ಕಿನಾಗ ಒಂದು ಚಹಾಪುಡಿ ವ್ಯಾಪಾರ ಶುರು ಆತು. ಮುಂದ ಅದಕ್ಕ ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪನಿ ಅಂತ ಹೆಸರು ಬಂತು, ಮಂದಿ ಬಾಯಾಗ ಎ ಅಂಡ್ ಪಿ. ನಡುವಿನ ದಲಾಲಿ ತಪ್ಪಿಸಿ ಸೋವಿಗೆ ಕೊಡ್ತೀವಿ ಅನ್ನೋದ ಅವರ ಜಾಹೀರಾತು. ಆಗಿನ ಅಲ್ಲಿ ಕಿರಾಣಿ ಅಂಗಡಿಗೂ ನಮ್ಮ ಅಂಗಡಿಗೂ ಭಾಳ ಫರಕ ಏನಿದ್ದಿಲ್ಲ. ಹೆಣ್ಣಮಗಳು ಹೋಗಿ ಚೀಟಿ ಕೊಡಬೇಕು, ಅಂಗಡ್ಯಾಂವ ಮಾಲು ತಗದು, ತೂಗಿ, ಕಟ್ಟಿ ಕೊಡಬೇಕು. ಉದ್ರಿ ಬರೀಬೇಕು. ಹುಡುಗನ ಕೈಲೆ ಮನಿಗೆ ಮುಟ್ಟಸಬೇಕು. ಇಷ್ಟೂ ಕೆಲಸ ಬೆಲಿ ಒಳಗ ಸೇರಿರ್ತಿತ್ತು.

1912ರಾಗ ಎ ಅಂಡ್ ಪಿ ಒಂದು ಹೊಸಾ ನಮೂನಿ ಅಂಗಡಿ ತಗೀತು. ಉದ್ರಿ ಇಲ್ಲ, ಮನಿಗೆ ಮುಟ್ಟಸೋದಿಲ್ಲ, ನಗದು ಕೊಡು, ಹೊತ್ತಕೊಂಡು ಹೋಗು. ಬೆಲಿ ಇಳೀತು, ಖರೆ. ಮಂದಿ ಮುಗಿಬಿದ್ರು. 1930ರ ಹೊತ್ತಿಗೆ ಆ ಕಂಪನಿಗೆ 15,000ಕ್ಕೂ ಹೆಚ್ಚು ಅಂಗಡಿ ಆದ್ವು.

ಇನ್ನ 1916. ಅಮೆರಿಕಾದ ಮೆಂಫಿಸ್ ಅನ್ನೋ ಊರಾಗ ಕ್ಲಾರೆನ್ಸ್ ಸಾಂಡರ್ಸ್ ಅನ್ನಾಂವ ಪಿಗ್ಲಿ ವಿಗ್ಲಿ ಅಂತ ಅಂಗಡಿ ತಗದ. ಬಾಗಿಲದಾಗ ತಿರುಗೋ ಗೇಟು, ಕೈಯಾಗ ಒಂದು ಬುಟ್ಟಿ. ಒಳಗ ಹೊಕ್ರ ಎಲ್ಲಾ ಕಪಾಟಿನ ಮುಂದ ಹಾದು ಹೋಗಿನ ಹೊರಗ ಬರಬೇಕು, ನಡುವ ತಿರುಗಿ ಬರಂಗಿಲ್ಲ. ಬೇಕಾದ್ದು ನೀವ ತಗೋರಿ, ಕೊನಿಗೆ ರೊಕ್ಕ ಕೊಡ್ರಿ. ಮರುವರ್ಷ ಈ ಪದ್ಧತಿಗೆ ಅಂವ ಪೇಟೆಂಟ್ ಸುದ್ದಾ ತಗೊಂಡ. ಈಗ ನಾವು ಸೆಲ್ಫ್ ಸರ್ವಿಸ್ ಅನ್ನೋದು ಇದ.

1937ರಾಗ ಒಕ್ಲಹೋಮಾ ಸಿಟಿಯೊಳಗ ಸಿಲ್ವನ್ ಗೋಲ್ಡ್‌ಮನ್ ಅನ್ನೋ ಅಂಗಡಿ ಮಾಲಕ ಒಂದು ಗಮನಿಸಿದ. ಬುಟ್ಟಿ ತುಂಬಿ ಕೈ ಜಡ ಆದ ಕೂಡ್ಲೆ ಹೆಣ್ಣಮಕ್ಕಳು ಖರೀದಿ ನಿಲ್ಲಿಸಿಬಿಡ್ತಾರ. ಅದಕ್ಕ ಮಡಚೋ ಕುರ್ಚಿ ನೋಡಿ, ಗಾಲಿ ಹಚ್ಚಿದ ಗಾಡಿ ಮಾಡಿಸಿದ. ಮೊದಲ ಮೊದಲ ಯಾರೂ ಮುಟ್ಟಲಿಲ್ಲ. ಆಗ ಅಂವ ಪಗಾರ ಕೊಟ್ಟು ಒಂದಿಷ್ಟು ಮಂದಿನ್ನ ತಂದು, ಗಿರಾಕಿ ಹಂಗ ಗಾಡಿ ದೂಡಿಕೋತ ಅಡ್ಡಾಡಸಿದ! ಅವರನ್ನ ನೋಡಿ ಉಳಿದವರೂ ಹಿಡದ್ರು. ಇವತ್ತ ನಾವು ದೂಡೋ ಗಾಡಿ ಹುಟ್ಟಿದ್ದು ಹಿಂಗ. ಕೈ ಸೋಲೋದರೊಳಗ ಖರೀದಿ ನಿಲ್ಲಬಾರದು ಅನ್ನೋದ ಅದರ ಉದ್ದೇಶ.

1974ರ ಜೂನ್ 26ಕ್ಕ ಓಹಾಯೋ ರಾಜ್ಯದ ಟ್ರಾಯ್ ಅನ್ನೋ ಊರಾಗ ಒಂದು ಚ್ಯೂಯಿಂಗ್ ಗಮ್ ಪಾಕೀಟಿನ ಮ್ಯಾಲಿನ ಕರೀಗೆರಿ ಓದಿ ಯಂತ್ರ ಬೆಲಿ ಹೇಳಿತು. ಬಾರ್‌ಕೋಡ್ ಹಚ್ಚಿ ಅಂಗಡ್ಯಾಗ ಮಾರಿದ ಮೊದಲ ಸಾಮಾನು ಅದು. ಅಲ್ಲಿಂದ ಮುಂದ ಗಲ್ಲೆದ ಮ್ಯಾಲೆ ಕೂತವರಿಗೆ ಮಾಲಿನ ಬೆಲಿ ನೆನಪಿರಬೇಕಾದ ಜರೂರನ ಉಳೀಲಿಲ್ಲ.

ಈ ನಾಲ್ಕು ತಾರೀಖು ಬಾಜೂಕ ಬಾಜೂಕ ಇಟ್ಟು ನೋಡ್ರಿ. 1912ಕ್ಕ ಉದ್ರಿ ಹೋತು, ಮನಿಗೆ ಮುಟ್ಟಸೋದು ಹೋತು. 1916ಕ್ಕ ಮಾಲು ತಗದು ಕೊಡೋ ಕೆಲಸ ನಮ್ಮ ಪಾಲಿಗೆ ಬಂತು. 1937ಕ್ಕ ಭಾರ ದೂಡೋದು ನಮ್ಮ ಪಾಲಿಗೆ ಬಂತು. 1974ಕ್ಕ ಮಾಲಿನ ಅರಿವಿದ್ದ ಮನಷ್ಯಾ ಬೇಕಾಗಲಿಲ್ಲ. ಅಂಗಡ್ಯಾಂವ ಮಾಡೋ ಕೆಲಸ ಒಂದೊಂದ ನಮ್ಮ ಹೆಗಲಿಗೆ ದಾಟಿತು. ಆ ಕೆಲಸಕ್ಕ ಪಗಾರ ಇಲ್ಲ. ಮನಿ ಕೆಲಸಕ್ಕ ಪಗಾರ ಇಲ್ಲ ಅಂತ ನಾವು ಗಂಡಸ್ರ ಜೋಡಿ ವಾದ ಮಾಡ್ತೀವಿ. ಅಂಗಡಿ ಕೆಲಸಾನೂ ಪುಕ್ಕಟೆ ಮಾಡಿ ಬಂದು “ಸೋವಿ ಸಿಕ್ತು” ಅಂತ ಖುಷಿ ಪಡ್ತೀವಿ.

ಇದಕ್ಕಿಂತ ಚಂದ ಇನ್ನೊಂದದ. ಆಗ ತಗದು ಹಾಕಿದ್ದನ್ನ ಈಗ ಹೊಸಾದು ಅಂತ ನಮಗ ಮಾರ್ತಾರ. ಹತ್ತು ನಿಮಿಷದಾಗ ಮನಿಗೆ ತರ್ತೀವಿ ಅಂತ ಫೋನಿನ ಅಂಗಡಿ ಬಂದಾವ, ಅದಕ್ಕ ಡೆಲಿವರಿ ಚಾರ್ಜು ಬ್ಯಾರೆ. ಈಗ ತಗೋರಿ ಆಮ್ಯಾಲೆ ಕೊಡ್ರಿ ಅಂತ ಫೋನಿನ ಸಾಲ ಬಂದದ, ತಡ ಆದ್ರ ದಂಡ ಬ್ಯಾರೆ. ಇಂಥಾ ಸಾಲದ ಕಾಟ ಎಷ್ಟು ಹೆಚ್ಚಾತು ಅಂದ್ರ, 2022ರಾಗ ರಿಜರ್ವ್ ಬ್ಯಾಂಕು ಅದಕ್ಕ ನಿಯಮ ಮಾಡಬೇಕಾತು. ಮೂಲಿ ಅಂಗಡಿ ಕಾಕಾ ಇವೆರಡನ್ನೂ ನಮ್ಮಜ್ಜಿ ಕಾಲದಿಂದ ಮಾಡಿಕೋತ ಬಂದಾರ. ಅದಕ್ಕೊಂದು ಹೆಸರು ಇದ್ದಿಲ್ಲ, ಅದಕ್ಕ ನಮಗದರ ಕಿಮ್ಮತ್ತೂ ತಿಳೀಲಿಲ್ಲ.

“ಏನರೆ ಅನ್ರಿ, ಬಿಲ್ಲು ಕಡಿಮಿ ಬರ್ತದಲ್ಲ?” ಅಂತೀರಿ. ಬರ್ತದ, ನಾನೂ ಇಲ್ಲ ಅನ್ನಂಗಿಲ್ಲ. ಯಾಕ ಬರ್ತದ ನೋಡೂಣು. ಸಾವಿರಾರು ಚೀಲ ಒಮ್ಮೆಲೆ ತಗೊಳ್ಳೋರಿಗೆ ಕಂಪನಿಯವರು ಇಳಿಸಿ ಕೊಡ್ತಾರ, ಹತ್ತು ಚೀಲ ತಗೊಳ್ಳೋ ಕಾಕಾಗ ಕೊಡಂಗಿಲ್ಲ. ಈ ಅನ್ಯಾಯದ ಮ್ಯಾಲೆ ಅಮೆರಿಕಾದಾಗ ಎಷ್ಟು ಗದ್ದಲ ಆತು ಅಂದ್ರ, 1936ರಾಗ ರಾಬಿನ್ಸನ್ ಪ್ಯಾಟ್ಮನ್ ಅಂತ ಕಾಯದೆನ ಮಾಡಿದ್ರು. ಅದಕ್ಕಿಂತ ಮೊದಲ ಹಲವು ರಾಜ್ಯದೊಳಗ ಚೈನ್ ಅಂಗಡಿ ಮ್ಯಾಲೆ ಬ್ಯಾರೆ ತೆರಿಗಿ ಹಾಕಿದ್ರು, ಅಂಗಡಿ ಹೆಚ್ಚಾದಂಗ ತೆರಿಗಿನೂ ಹೆಚ್ಚು.

ಎರಡನೇದ್ದು ನಗದು. ನಮ್ಮ ದೇಶದಾಗ 2002ಕ್ಕ ಮುಂಬೈಯೊಳಗ ಶುರು ಆದ ಡಿಮಾರ್ಟ್ ಹೆಂಗ ಸೋವಿ ಕೊಡ್ತದ ಅಂದ್ರ, ಮಾಲು ಕೊಟ್ಟವರಿಗೆ ಜಲ್ದಿ ರೊಕ್ಕ ಕೊಡ್ತದ, ಅದಕ್ಕ ಅವರು ಬೆಲಿ ಇಳಸ್ತಾರ. ವ್ಯಾಪಾರದ ಪತ್ರಿಕಿಯೊಳಗ ಇದನ್ನ ಅವರ ಜಾಣತನ ಅಂತ ಹೊಗಳಿ ಬರೀತಾರ. ಜಾಣತನ ಖರೆನ. ನಗದಿನ ತಾಕತ್ತು ಅವರಿಗೆ ಗೊತ್ತದ, ನಮಗ ಗೊತ್ತಿಲ್ಲ. ನಮ್ಮ ಕಾಕಾನೂ ಒಂದನೇ ತಾರೀಖಿಗೆ ಓಣಿ ಮಂದಿ ನಗದು ಕೈಯಾಗ ಹಿಡದು ಎ.ಪಿ.ಎಂ.ಸಿ.ಗೆ ಹೋದ್ರ ಅಲ್ಲಿ ಠೋಕ ವ್ಯಾಪಾರಿ ಕಡೆ ಕಿಲೋಕ್ಕ ಎರಡು ರೂಪಾಯಿ ಇಳಸಾಕ ಬರ್ತದ. ನಾವು ಅವರ ಕೈಯಾಗ ನಗದಿನ ಬದಲಿ ಖಾತೆವಹಿ ಇಟ್ಟೀವಿ. ಅದನ್ನ ಹಿಡದು ಹೋದ್ರ ಅವರಿಗೂ ಉದ್ರಿನ, ತುಟ್ಟಿನ. ಅವರ ಕೈ ನಾವ ಕಟ್ಟಿ, ನೋಡ್ರಿ ಅಂವ ತುಟ್ಟಿ ಮಾರ್ತಾನ ಅಂತ ನಾವ ಅಂತೀವಿ.

ಮೂರನೇದ್ದು, ಬಿಲ್ಲಿನಾಗ ಉಳಿದದ್ದು ಮನ್ಯಾಗ ಉಳೀತದೇನು? ಒಂದು ಲೆಕ್ಕಾ ಹಾಕ್ರಿ. ಮೂರು ಸಾವಿರದ ಸಂತಿಯೊಳಗ ಎರಡು ನೂರು ಉಳೀತು ಅನ್ರಿ. ಹೋಗಿ ಬರೋ ಆಟೋಕ್ಕ ನೂರು. ಚೀಟಿಯೊಳಗ ಇಲ್ಲದ್ದು ಗಾಡಿಯೊಳಗ ಎಷ್ಟು ಬಿತ್ತು? ಒಂದಕ್ಕ ಒಂದು ಪುಕ್ಕಟೆ ಅಂತ ತಂದ ನೂಡಲ್ಸು, ಬಿಲ್ಲು ಮಾಡಸೋ ಹತ್ರ ಹುಡುಗೂರ ಕೈಗೆ ಎಟಕೋ ಹಂಗ ಇಟ್ಟ ಚಾಕ್ಲೇಟು, ಬಾಟ್ಲಿ ಚಂದ ಅದ ಅಂತ ತಂದ ಫಿನಾಯಿಲ್. ನಾಲ್ಕು ನೂರು ಅನ್ರಿ. ಉಳಿದದ್ದು ಎರಡು ನೂರು, ಹೋದದ್ದು ಐದು ನೂರು. ಅವರ ಉದ್ದೇಶಾನ ಅದು. ಸೋವಿ ಸಕ್ರಿ ತೋರಿಸಿ ಒಳಗ ಕರೀಬೇಕು, ಉಳಿದದ್ದರಾಗ ಗಳಸಬೇಕು. ದಿನಾ ಬೇಕಾಗೋ ಹಾಲು, ಅಕ್ಕಿ, ಬ್ಯಾಳಿ ಭಾಳ ಅಂಗಡ್ಯಾಗ ಹಿಂದಿನ ಮೂಲ್ಯಾಗ ಯಾಕ ಇರ್ತಾವ ಅಂದ್ರ, ಅಲ್ಲಿತನಕಾ ಎಲ್ಲಾ ನೋಡಿಕೋತ ಹೋಗಲಿ ಅಂತ. ಮೆಂಫಿಸಿನ ದಾರಿ ಇನ್ನೂ ಬದಲಾಗಿಲ್ಲ. ಕಣ್ಣಿನ ಸಮಕ್ಕ ಇರೋ ಕಪಾಟಿನ ಜಾಗಾಕ್ಕ ಕಂಪನಿಗಳು ರೊಕ್ಕ ಕೊಡ್ತಾವ. ಅಂದ್ರ ನಮ್ಮ ಕಣ್ಣನೂ ಅವರು ಬಾಡಿಗಿಗೆ ಕೊಟ್ಟಾರ.

ಈಗ ಇನ್ನೊಂದು ಕಡೀದೂ ಹೇಳಬೇಕು, ಇಲ್ಲಂದ್ರ ನನ್ನ ಮಾತು ಒಂದ ಕಣ್ಣಿನದ್ದಾಗ್ತದ. ಕಿರಾಣಿ ಅಂಗಡ್ಯಾಂವ ಏನ್ ದೇವರಲ್ಲ. ತೂಕದಾಗ ಕೈ ಹಚ್ಚೋರು ಇದ್ರು, ಇದಾರ. ಹಳೇ ರವಾ ಹೊಸಾದ್ರಾಗ ಕಲಸೋರು ಇದ್ರು. “ಇದ್ದದ್ದು ಇದ, ಬೇಕಾದ್ರ ತಗೋ” ಅನ್ನೋ ಗತ್ತು ನಾವೆಲ್ಲಾ ಕಂಡೀವಿ. ಅದಕ್ಕಿಂತಾ ದೊಡ್ಡದು, ಎಷ್ಟೋ ಊರಾಗ ಕೆಳಗಿನ ಕೇರಿ ಹೆಣ್ಣಮಕ್ಕಳನ್ನ ಅಂಗಡಿ ಕಟ್ಟಿ ಹತ್ತಿಸಿಗೊಳ್ಳದ, ದೂರ ನಿಲ್ಲಿಸಿ, ಮಾಲು ಮ್ಯಾಲಿಂದ ಉಡ್ಯಾಗ ಹಾಕ್ತಿದ್ರು. ದೊಡ್ಡ ಅಂಗಡ್ಯಾಗ ಯಾರೂ ಜಾತಿ ಕೇಳಂಗಿಲ್ಲ. ಎಲ್ಲಾರೂ ಅದ ಗಾಡಿ ದೂಡ್ತಾರ, ಅದ ಅಕ್ಕಿ ಮುಟ್ಟಿ ನೋಡ್ತಾರ. ಇದು ಸಣ್ಣ ಮಾತಲ್ಲ. ಆ ಅಪಮಾನ ಉಂಡವರು ಯಾರರೆ “ನಾ ಕಿರಾಣಿ ಅಂಗಡಿ ಮೆಟ್ಟಿಲ ಹತ್ತಂಗಿಲ್ಲ” ಅಂದ್ರ ಅವರ ಮುಂದ ನನಗ ಆಡಲಿಕ್ಕೆ ಮಾತಿಲ್ಲ.

ಉದ್ರಿನೂ ಬರೇ ಉಪಕಾರ ಅಲ್ಲ. ಉದ್ರಿ ಇದ್ದವರು ಬೆಲಿ ಕೇಳಂಗಿಲ್ಲ, ಅಂಗಡಿ ಬಿಡಂಗಿಲ್ಲ. ಇದಕ್ಕ ಉತ್ತರ ಹುಡಿಕಿದವರು ಬಡವರ. 1844ರ ಡಿಸೆಂಬರ್‌ದಾಗ ಇಂಗ್ಲೆಂಡಿನ ರಾಚ್‌ಡೇಲ್ ಅನ್ನೋ ಊರಾಗ ನೇಕಾರರು ಮತ್ತ ಬ್ಯಾರೆ ಕಸಬಿನವರು ಸೇರಿ 28 ಮಂದಿ ತಮ್ಮದ ಒಂದು ಅಂಗಡಿ ತಗದ್ರು. ಇದ್ದ ಮಾಲು ಹಿಟ್ಟು, ಬೆಣ್ಣಿ, ಸಕ್ರಿ, ಓಟ್ಸಿನ ಹಿಟ್ಟು, ಮೇಣಬತ್ತಿ. ಅವರೂ ನಗದು ಅಂದ್ರು. ಆದರ ತೂಕ ಪೂರ್ತಿ, ಮಾಲು ಕಲಬೆರಕಿ ಇಲ್ಲದ್ದು, ವರ್ಷದಾಗ ಉಳಿದ ಲಾಭ ಯಾರ್ಯಾರು ಎಷ್ಟೆಷ್ಟು ಖರೀದಿ ಮಾಡಿದ್ರೋ ಆ ಲೆಕ್ಕದ ಮ್ಯಾಲೆ ಅವರಿಗೆ ವಾಪಸ್ಸು. ಹೆಣ್ಣಮಕ್ಕಳೂ ತಮ್ಮ ಹೆಸರಿನಾಗ ಸದಸ್ಯರಾಗಬಹುದಿತ್ತು. ನೋಡ್ರಿ, ನಗದು ಅನ್ನೋ ನಿಯಮ ಒಂದ, ಲಾಭ ಎಲ್ಲಿಗೆ ಹೋಗ್ತದ ಅನ್ನೋದರಾಗ ಎಷ್ಟು ಫರಕ!

ಈ ಬುದ್ಧಿ ನಮಗ ದೂರದ್ದೇನಲ್ಲ. ನಮ್ಮ ಗದಗ ಬಾಜೂಕಿನ ಕಣಗಿನಹಾಳದಾಗ 1905ರಷ್ಟು ಹಿಂದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ರು. ದೇಶದಾಗ ಮೊದಲನೇ ಕೃಷಿ ಪತ್ತಿನ ಸಂಘ ಅಂತ ಅದಕ್ಕ ಹೆಸರದ. 1948ರಾಗ ಮುಂಬೈಯ ನಾಯಗಾಂವದಾಗ ಗಿರಣಿ ಮಂದಿ ಕಟ್ಟಿದ ಅಪ್ನಾ ಬಜಾರ, 1959ರಾಗ ಬೆಂಗಳೂರಾಗ ತ್ವಾಟದ ಬೆಳಿ ಬೆಳಿಯೋರಿಗಂತ ಹುಟ್ಟಿದ ಹಾಪ್‌ಕಾಮ್ಸ್, ನಾವು ಸಣ್ಣವರಿದ್ದಾಗ ಪಾಳಿ ಹಚ್ಚತಿದ್ದ ಜನತಾ ಬಜಾರ, ಇವೂ ಒಂದು ಬೋರ್ಡಿನ ಹಲವು ಅಂಗಡಿನ. ಅಂದ್ರ ಸರಪಳಿ ಅನ್ನೋದ ಕೆಟ್ಟದಲ್ಲ. ಸರಪಳಿ ತುದಿ ಯಾರ ಕೈಯಾಗದ ಅನ್ನೋದು ನೋಡಬೇಕು. ಇವುಗಳೊಳಗ ಎಷ್ಟೋ ಸೊರಗಿದ್ವು, ರಾಜಕಾರಣ ಹೊಕ್ಕು ಕೆಟ್ಟಾವ. ಹಂಗ ಕೆಡೋದನ್ನ ನೋಡಿಕೋತ ಕೂತವರಾಗ ನಾವು ಗಿರಾಕಿಗಳೂ ಇದ್ದೀವಿ.

ಇನ್ನ ಎಲ್ಲಾಕ್ಕಿಂತ ದೊಡ್ಡ ಮಾತು. ದೊಡ್ಡ ಅಂಗಡಿ ಲೆಕ್ಕಾ ಕೂಡಲಿಲ್ಲ ಅಂದ್ರ ಎದ್ದು ಹೋಗ್ತದ. ಸುಭಿಕ್ಷಾ ನೆನಪದ ಏನು? 1997ರಾಗ ಚೆನ್ನೈದಾಗ ಶುರು ಆತು, ದೇಶದ ತುಂಬಾ ಸುಮಾರು 1,600 ಅಂಗಡಿ ಆದ್ವು. 2009ರಾಗ ಒಂದೊಂದಲ್ಲ, ಎಲ್ಲಾ ಬಾಗಿಲಾ ಹಾಕಿದ್ವು. ಕೆಲಸದವರಿಗೆ ಪಗಾರ ಬಾಕಿ, ಮಾಲು ಕೊಟ್ಟವರಿಗೆ ರೊಕ್ಕ ಬಾಕಿ. 2001ರಾಗ ಹುಟ್ಟಿದ ಬಿಗ್ ಬಜಾರದಾಗ ಜನವರಿ 26ರ ಸೋವಿ ಮಾರಾಟಕ್ಕ ಎಂಥಾ ನೂಕುನುಗ್ಗಲ! ಅದನ್ನ ನಡಸೋ ಕಂಪನಿ 2022ರಾಗ ದಿವಾಳಿ ಕೋರ್ಟಿಗೆ ಹೋತು. ಅಮೆರಿಕಾದಾಗ 15,000 ಅಂಗಡಿ ಇದ್ದ ಆ ಎ ಅಂಡ್ ಪಿ ಸುದ್ದಾ 2015ಕ್ಕ ಮುಗೀತು. ಅಂಥಾ ಅಂಗಡಿ ಬಂದಾಗ ಸುತ್ತಲಿನ ಸಣ್ಣ ಅಂಗಡಿ ಮುಚ್ಚತಾವ. ಅದು ಹೋದಾಗ ಮುಚ್ಚಿದ ಅಂಗಡಿ ತಿರುಗಿ ತಗಿಯಂಗಿಲ್ಲ, ಕಾಕಾನ ಮಗ ಅಷ್ಟೊತ್ತಿಗೆ ಬೆಂಗಳೂರಾಗ ಯಾವದರೆ ಗೋದಾಮಿನಾಗ ಕೆಲಸಕ್ಕ ಹತ್ತಿರ್ತಾನ.

2020ರ ಮಾರ್ಚ್ ನೆನಸ್ರಿ. ಲಾಕ್‌ಡೌನ್ ಅಂತ ರಾತ್ರೋರಾತ್ರಿ ಸುದ್ದಿ ಬಂತು. ಬಸ್ಸಿಲ್ಲ, ಆಟೋ ಇಲ್ಲ, ಎಷ್ಟೋ ಮನ್ಯಾಗ ಪಗಾರ ಇಲ್ಲ. ಅರ್ಧಾ ಶಟರ್ ಎತ್ತಿ ಹಿಟ್ಟು, ಬ್ಯಾಳಿ, ಎಣ್ಣಿ ಕೊಟ್ಟವರು ಯಾರು? ಬರ್ಕೊಂಡವರು ಯಾರು? ನಮ್ಮ ಓಣ್ಯಾಗ ಆಗ ಮೂರು ಕಿರಾಣಿ ಅಂಗಡಿ ಇದ್ವು, ಈಗ ಒಂದ ಉಳದದ. ಅದೊಂದೂ ಹೋತಂದ್ರ ಗಂಡ ಇಲ್ಲದಾಕಿ, ಪಗಾರ ತಡಾ ಆದಾಕಿ, ಮನ್ಯಾಗ ಯಾರಿಗೂ ಹೇಳದ ಸಂಸಾರ ತೂಗಿಸೋವಾಕಿ ಇಪ್ಪತ್ತೈದನೇ ತಾರೀಖಿಗೆ ಎಲ್ಲಿಗೆ ಹೋಗಬೇಕು? ಕಂಪ್ಯೂಟರ್ ಮುಂದ ನಿಂತು “ಬರ್ಕೋರಿ” ಅಂದ್ರ ಅದು ಯಾರ ಹೆಸರು ಬರ್ಕೋತದ? ಅಲ್ಲಿ ಕೂತ ಹುಡುಗಿ ಒಳ್ಳೇಕಿನ ಇರಬಹುದು. ದಿನಾಪೂರ್ತಿ ನಿಂತು ನಿಂತು ಪಾಪ ಕಾಲು ಬಾತಿರ್ತಾವ. ಆದರ ಒಂದು ರೂಪಾಯಿ ಬಿಡೋ ಅಧಿಕಾರ ಆಕೀಗಿಲ್ಲ.

ಹಂಗಂತ ದೊಡ್ಡ ಅಂಗಡಿಗೆ ಹೋಗಲೇಬ್ಯಾಡ್ರಿ ಅಂತ ನಾ ಆಣಿ ಹಾಕಂಗಿಲ್ಲ. ನಾನೂ ಹೋಗ್ತೀನಿ, ಸ್ಟೀಲ್ ಡಬ್ಬಿ, ಬೆಡ್‌ಶೀಟು ಅಲ್ಲೆ ತರ್ತೀನಿ. ಹೋಗೋ ರೀತಿ ಬದಲ ಮಾಡೂಣು ಅಂತೀನಿ.

ಒಂದು, ಚೀಟಿ ಬರ್ದು ಒಯ್ರಿ, ಚೀಟಿಯೊಳಗ ಇಲ್ಲದ್ದು ಗಾಡ್ಯಾಗ ಹಾಕಬ್ಯಾಡ್ರಿ. ಆದ್ರ ಗಾಡಿನ ಬ್ಯಾಡ, ಕೈಬುಟ್ಟಿ ಹಿಡೀರಿ. ಕೈ ಜಡ ಆದಾಗ ನಿಲ್ಲೋದ ನಮ್ಮ ಹಳೇ ಜಾಣತನ, ಗೋಲ್ಡ್‌ಮನ್ ಕಸಗೊಂಡದ್ದು ಅದನ್ನ.

ಎರಡು, ಪಾಕೀಟಿನ ಬೆಲಿ ನೋಡಬ್ಯಾಡ್ರಿ, ಗ್ರಾಮಿಗೆ ಎಷ್ಟು ಅನ್ನೋದು ನೋಡ್ರಿ. ಈಗ ಭಾಳ ಪಾಕೀಟಿನ ಮ್ಯಾಲೆ ಅದನ್ನೂ ಛಾಪಿಸಿರ್ತಾರ. ದೊಡ್ಡ ಪಾಕೀಟ ಯಾವಾಗಲೂ ಸೋವಿ ಇರಂಗಿಲ್ಲ.

ಮೂರು, ಇದ ಮುಖ್ಯ. ತಿಂಗಳ ಸಂತಿಯೊಳಗ ಅಕ್ಕಿ, ಬ್ಯಾಳಿ, ಸಕ್ರಿ, ಎಣ್ಣಿ, ಇಷ್ಟರೆ ಒಂದನೇ ತಾರೀಖಿಗೆ ಮೂಲಿ ಅಂಗಡ್ಯಾಗ ನಗದು ಕೊಟ್ಟು ತಗೋರಿ. ನಗದು ಕೊಡೋವಾಗ ಧೈರ್ಯದಿಂದ ಕೇಳ್ರಿ, “ಕಾಕಾ, ನಗದದ, ಎಷ್ಟು ಬಿಡ್ತೀರಿ?” ನಾಲ್ಕು ಮನಿ ಕೂಡಿ ಐವತ್ತು ಕಿಲೋ ಅಕ್ಕಿ ಒಮ್ಮೆಲೆ ಹೇಳ್ರಿ, ಇನ್ನೂ ಇಳೀತದ. 2023ರಿಂದ ಗೃಹಲಕ್ಷ್ಮಿ ಎರಡು ಸಾವಿರ ನಿಮ್ಮ ಹೆಸರಿನ ಖಾತೆಕ್ಕ ಬರಲಿಕ್ಕತ್ತದಲ್ಲ, ಅದು ನಿಮ್ಮ ಕೈಯಾನ ನಗದು. ಅದರಾಗ ಸ್ವಲ್ಪರೆ ಓಣ್ಯಾಗ ತಿರುಗಲಿ. ತೂಕ ಕಣ್ಣಿಟ್ಟು ನೋಡ್ರಿ, ಬಿಲ್ಲು ಕೇಳ್ರಿ. ಮೋಸ ಕಂಡ್ರ ಎದುರಿಗೇ ಹೇಳ್ರಿ. ಆ ಮಾತು ಕೇಳಲಿಕ್ಕೆ ಅಲ್ಲಿ ಒಬ್ಬ ಮನಷ್ಯಾ ಇರ್ತಾನ.

ನಾಲ್ಕು, ಬಾಕಿ ತೀರಸ್ರಿ. ದೊಡ್ಡ ಅಂಗಡಿ ಮೆಟ್ಟಿಲ ಹತ್ತೋಕಿಂತ ಮೊದಲ ಸಣ್ಣ ಅಂಗಡಿ ವಹಿಯೊಳಗಿನ ನಿಮ್ಮ ಹೆಸರಿನ ಮ್ಯಾಲೆ ಗೆರಿ ಹೊಡಸ್ರಿ. ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ ಅನ್ನೋ ಗಾದಿ ನಮ್ಮ ಓಣಿ ಹೆಣ್ಣಮಕ್ಕಳ ಮ್ಯಾಲೆ ಬರಬಾರದು.

ಮುಂದಿನ ಭಿಶಿ ನಮ್ಮ ಮನ್ಯಾಗದ. ಅವಲಕ್ಕಿ, ಪುಠಾಣಿ, ಶೇಂಗಾ ಎಲ್ಲಾ ಮೂಲಿ ಅಂಗಡೀದ, ನಗದು ಕೊಟ್ಟು ತಂದದ್ದು. ತಿಂದು ನೋಡಿ ಆಮ್ಯಾಲೆ ಜಗಳಕ್ಕ ಬರ್ರಿ. ನಿಮ್ಮ ನಿಮ್ಮ ಲೆಕ್ಕದ ಚೀಟಿ ತರೋದು ಮರೀಬ್ಯಾಡ್ರಿ, ಯಾರದು ಎಷ್ಟು ಉಳದದ ಅಂತ ಕೂಡೇ ಕೂತು ಕೂಡಿಸಿ ನೋಡೂಣು.